ದೇವಿಯ ವೇಷದಲ್ಲಿ ಮನೆಯ ಹೆಣ್ಣು



ಕೆಲವು ದಿನಗಳ ಹಿಂದೆ ನಮ್ಮ ಹೊನವಾಡದ ನೆರೆಯವರೊಬ್ಬರು ಮುಂಜಾನೆಯೇ ನಮ್ಮ ಮನೆಯ ಕಟ್ಟೆಗೆ ಬಂದರು. ಕಂಕುಳಲ್ಲಿ ಬಟ್ಟೆಯಿಂದ ಸುತ್ತಿದ ದೊಡ್ಡದೊಂದು ಪಟವಿತ್ತು. ಅವರ ತಾಯಿಯವರು ತೀರಿಕೊಂಡು ವರುಷ ತುಂಬುತ್ತ ಬಂದಿತ್ತು. ವರುಷದ ದಿನ ಪಡಸಾಲೆಯಲ್ಲಿ ತೂಗಹಾಕಬೇಕೆಂದು ವಿಜಾಪುರಕ್ಕೆ ಹೋಗಿ ಅದನ್ನು ಮಾಡಿಸಿ ತಂದಿದ್ದರು. “ಮಾಸ್ತರ್ರ, ಅವ್ವನ ಫೋಟೋ ಹೆಂಗ ಆಗೈತಿ, ಒಂದೀಟು ನೋಡ್ರಿ” ಎಂದು ಬಟ್ಟೆಯನ್ನು ಬಿಚ್ಚಿದರು.

ಯಾವದೋ ಗುರುತಿನ ಚೀಟಿಯ ಮೇಲಿದ್ದ ಚಿಕ್ಕ ಭಾವಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟು ಆ ಪಟವನ್ನು ಮಾಡಿಸಲಾಗಿತ್ತು. ತಲೆಯ ಮೇಲೆ ರತ್ನದ ಕಿರೀಟ, ಕೆಳಗೆ ಅರಳಿದ ಕಮಲ, ನಾಲ್ಕು ಕೈಗಳು, ಒಂದು ಕೈಯಿಂದ ಹೊನ್ನು ಸುರಿಯುತ್ತಲಿದೆ. ಸಾಕ್ಷಾತ್ ಮಹಾಲಕ್ಷ್ಮಿಯೇ ಸರಿ. ಆದರೆ ನಾವು ಆ ತಾಯಿಯನ್ನು ನಾಲ್ವತ್ತು ವರುಷ ಬಲ್ಲೆವು. ಅವರ ಹುಬ್ಬುಗಳ ನಡುವೆಯೂ ಗದ್ದದ ಮೇಲೆಯೂ ಇದ್ದ ಹಸಿರು ಹಚ್ಚೆ ಅಲ್ಲಿರಲಿಲ್ಲ. ಬಿಳಿಜೋಳದ ಹೊಲದ ಬಿಸಿಲಿಗೆ ಕಪ್ಪಾದ ಮೈಬಣ್ಣ ಕೇದಗೆಯ ಗರಿಯಂತಾಗಿತ್ತು. ಎಡಗೆನ್ನೆಯ ಮೇಲಿನ ಕುಡುಗೋಲಿನ ಗಾಯದ ಗುರುತು ಮಾಯವಾಗಿತ್ತು. “ಚಲೋ ಆಗಿದೆ” ಎಂದು ನಾವು ಹೇಳಿದೆವು. ಆದರೆ ನಮ್ಮ ಬಾಯಿಂದ ಹೊರಟ ಆ ಮಾತು ನಮಗೇ ರುಚಿಸಲಿಲ್ಲ. ಯಾಕೆ ರುಚಿಸಲಿಲ್ಲವೆಂಬದನ್ನು ವಿಚಾರಿಸುತ್ತ ಹೋದಾಗ ನಮ್ಮ ಮನಸ್ಸು ಬಹು ದೂರದ ಹಾಲಂಡ ದೇಶದ ಹಳೆಯ ಚಿತ್ರಗಳ ಕಡೆಗೆ ಹೋಯಿತು. ಯಾಕಂದರೆ ಮನೆಯ ಹೆಣ್ಣಿಗೆ ದೇವಿಯ ವೇಷ ತೊಡಿಸಿ ಗೋಡೆಗೆ ತೂಗಹಾಕುವ ಪದ್ಧತಿಯು ನಾಲ್ಕು ನೂರು ವರುಷಗಳ ಹಿಂದೆ ಅಲ್ಲಿಯೂ ಬಲವಾಗಿ ಬೆಳೆದಿತ್ತು.

ಹದಿನೇಳನೆಯ ಶತಮಾನದಲ್ಲಿ ಆ ಸಣ್ಣ ದೇಶವು ಸಮುದ್ರ ವ್ಯಾಪಾರದಿಂದ ಸಿರಿವಂತವಾಯಿತು. ಅಲ್ಲಿಯ ಜನರಲ್ಲಿ ಹಲವರು ಪ್ರಾಟೆಸ್ಟಂಟ ಮತವನ್ನು ಹಿಡಿದಿದ್ದುದರಿಂದ ಅವರ ದೇವಾಲಯಗಳ ಗೋಡೆಗಳು ಬರಿದಾಗಿದ್ದವು. ಚಿತ್ರಕಾರನು ದೇವಾಲಯಕ್ಕಾಗಿ ಬರೆಯುವದು ನಿಂತು ಗೃಹಸ್ಥರ ಮನೆಗಾಗಿ ಬರೆಯಹತ್ತಿದನು. ವರ್ತಕನು ತನ್ನ ಮಡದಿಯ ಚಿತ್ರವನ್ನು ಬರೆಯಿಸುವಾಗ, ಅವಳನ್ನು ಕರಿಯ ಉಡುಪಿನಲ್ಲಿ ಕುಳ್ಳಿರಿಸುವದರ ಬದಲು ಒಮ್ಮೊಮ್ಮೆ ರೋಮನರ ಪುರಾಣದ ದೇವತೆಯ ವೇಷದಲ್ಲಿ ನಿಲ್ಲಿಸುತ್ತಿದ್ದನು. ಕೈಯಲ್ಲಿ ಹೂ ಕೊಟ್ಟರೆ ವಸಂತದ ದೇವತೆ ಫ್ಲೋರಾ. ಬಿಲ್ಲು ಕೊಟ್ಟು ಹಣೆಯ ಮೇಲೆ ಬಾಲಚಂದ್ರನನ್ನಿಟ್ಟರೆ ಬೇಟೆಯ ದೇವತೆ ಡಯಾನಾ. ಹಣ್ಣಿನ ಬುಟ್ಟಿಯಿದ್ದರೆ ತೋಟಗಳ ದೇವತೆ ಪೊಮೋನಾ. ಶಿರಸ್ತ್ರಾಣವನ್ನು ತೊಡಿಸಿದರೆ ವಿದ್ಯೆಗೂ ಯುದ್ಧಕ್ಕೂ ಒಡತಿಯಾದ ಮಿನರ್ವಾ. ಸುತ್ತಲೂ ಮಕ್ಕಳಿದ್ದರೆ ಅವಳು ‘ಕಾರಿತಾಸ್’, ಎಂದರೆ ದಯೆಯೇ ಮೈವೆತ್ತು ಬಂದವಳು. ಪೌಲುಸ್ ಮೋರೆಲ್ಸೆ ಎಂಬ ಚಿತ್ರಕಾರನು 1621ರಲ್ಲಿ ಸೋಫಿಯಾ ಹೆಡ್ವಿಗ್ ಎಂಬ ರಾಜವಂಶದ ಮಹಿಳೆಯನ್ನು ಅವಳ ಮಕ್ಕಳೊಡನೆ ಹೀಗೆಯೇ ದಯಾದೇವಿಯಾಗಿ ಬರೆದನು.

ಯಾವ ಗುಣಕ್ಕೆ ಯಾವ ಲಾಂಛನವೆಂಬದು ಚಿತ್ರಕಾರನ ಇಚ್ಛೆಗೆ ಬಿಟ್ಟುದಾಗಿರಲಿಲ್ಲ. ಅದಕ್ಕೊಂದು ಶಾಸ್ತ್ರಗ್ರಂಥವೇ ಇತ್ತು. ಇಟಲಿಯ ಚೇಸರೆ ರೀಪಾ ಎಂಬವನು 1593ರಲ್ಲಿ ರೋಮಿನಲ್ಲಿ ‘ಇಕೊನೊಲೋಜಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದನು. 1603ರ ಆವೃತ್ತಿಯಲ್ಲಿ ಅದಕ್ಕೆ ಚಿತ್ರಗಳು ಸೇರಿದವು. 1644ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅದರ ಡಚ್ಚ ಭಾಷಾಂತರವು ಹೊರಬಿದ್ದಿತು. ಸತ್ಯ, ಶ್ರದ್ಧೆ, ನ್ಯಾಯ, ಶಾಂತಿ ಮುಂತಾದವುಗಳನ್ನು ಯಾವ ಉಡುಪಿನಲ್ಲಿ ಬರೆಯಬೇಕು, ಕೈಯಲ್ಲಿ ಏನನ್ನು ಕೊಡಬೇಕು, ಕಾಲ ಕೆಳಗೆ ಏನನ್ನಿಡಬೇಕು ಎಂಬದೆಲ್ಲ ಅದರಲ್ಲಿದೆ. ನಮ್ಮಲ್ಲಿ ಶಿಲ್ಪಿಗೆ ಧ್ಯಾನಶ್ಲೋಕಗಳಿದ್ದಂತೆ ಅವರಿಗೆ ಈ ಗ್ರಂಥ.

ಗುಣಗಳನ್ನು ಹೆಣ್ಣಾಗಿ ಕಾಣುವದು ನಮಗೂ ಹೊಸದಲ್ಲ. ಸಂಸ್ಕೃತದಲ್ಲಿ ವಿದ್ಯೆ, ಕ್ಷಮೆ, ಧೃತಿ, ಸ್ಮೃತಿ, ಕೀರ್ತಿ ಎಲ್ಲವೂ ಸ್ತ್ರೀಲಿಂಗದ ಶಬ್ದಗಳೇ. ಹನ್ನೊಂದನೆಯ ಶತಮಾನದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ ನಾಟಕದಲ್ಲಿ ಶಾಂತಿಯೆಂಬ ಮಗಳು ಶ್ರದ್ಧೆಯೆಂಬ ತಾಯಿಯನ್ನು ಕಾಣದೆ ಹುಡುಕುತ್ತಾಳೆ. ಕರುಣೆಯೆಂಬ ಗೆಳತಿಯು ಜೊತೆಗಿರುತ್ತಾಳೆ. ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಾಟಕದಲ್ಲಿ ಗುಣವು ಹೆಣ್ಣಾಗಿದೆ. ಡಚ್ಚರ ಚಿತ್ರದಲ್ಲಿ ಹೆಣ್ಣು ಗುಣವಾಗಿದ್ದಾಳೆ. ಮೊದಲನೆಯದರಲ್ಲಿ ನೋಯುವವರು ಯಾರೂ ಇಲ್ಲ. ಎರಡನೆಯದರಲ್ಲಿ ವೇಷದ ಒಳಗೆ ಹೆಸರು, ಊರು, ಹೊಟ್ಟೆ, ಹಸಿವು ಉಳ್ಳ ಒಬ್ಬ ಮನುಷ್ಯಳು ಇದ್ದಾಳೆ.

ಈ ಮಾತನ್ನು ಅಲಂಕಾರಶಾಸ್ತ್ರದ ಸಹಾಯದಿಂದ ಇನ್ನಷ್ಟು ತಿಳಿಯಪಡಿಸಬಹುದು. ‘ಮುಖವು ಚಂದ್ರನಂತಿದೆ’ ಎಂದರೆ ಉಪಮೆ. ‘ಮುಖಚಂದ್ರ’ ಎಂದರೆ ರೂಪಕ. ಇಲ್ಲಿ ಮುಖವೂ ಇದೆ, ಚಂದ್ರನೂ ಇದ್ದಾನೆ, ಎರಡೂ ಒಂದೇ ಎಂದು ಹೇಳಿದೆ. ಇನ್ನು ಹೆಣ್ಣು ಬಾಗಿಲಲ್ಲಿ ನಿಂತಿರುವಾಗ ಮುಖದ ಹೆಸರನ್ನೇ ಎತ್ತದೆ ‘ಬಾಗಿಲಲ್ಲಿ ಚಂದ್ರನು ಮೂಡಿದನು’ ಎಂದುಬಿಟ್ಟರೆ ಅದು ಅತಿಶಯೋಕ್ತಿಯ ಒಂದು ಬಗೆ. ಉಪಮಾನವು ಉಪಮೇಯವನ್ನು ‘ನಿಗರಣ’ ಮಾಡಿತು, ಎಂದರೆ ನುಂಗಿತು, ಎಂದು ಆಲಂಕಾರಿಕರು ಇದನ್ನು ವರ್ಣಿಸುತ್ತಾರೆ. ಕಾವ್ಯದಲ್ಲಿ ಇದೂ ಒಂದು ಸೊಗಸೇ ಹೌದು. ಆದರೆ ಸತ್ತವರ ನೆನಪಿಗಾಗಿ ಇಡುವ ಚಿತ್ರದಲ್ಲಿ ಚಂದ್ರನು ಮುಖವನ್ನು ನುಂಗಿದರೆ ಉಳಿಯುವದೇನು? ನಮ್ಮ ನೆರೆಯವರ ಪಟದಲ್ಲಿ ಲಕ್ಷ್ಮಿಯು ಆ ತಾಯಿಯನ್ನು ನುಂಗಿದ್ದಳು. ನಮಗೆ ರುಚಿಸದೆ ಹೋದದ್ದು ಇದೇ.

ಡಚ್ಚರ ಚಿತ್ರಗಳಲ್ಲಿ ಒಳ್ಳೆಯವು ರೂಪಕಗಳಾಗಿವೆ. ವೇಷವು ದೇವಿಯದು, ಮುಖವು ಆ ಮನೆಯ ಹೆಣ್ಣಿನದೇ. ಅಗಲವಾದ ಮೂಗು, ಜೋಡಿ ಗದ್ದ, ದಣಿದ ಕಣ್ಣು ಇದ್ದುದು ಇದ್ದಂತೆಯೇ ಉಳಿಯುತ್ತಿದ್ದವು. ಮನೆಗೆ ಬಂದ ಬಂಧುಗಳು ‘ಇವಳು ಇಂಥವಳು’ ಎಂದು ಗುರುತಿಸಬೇಕಾಗಿತ್ತಷ್ಟೆ. ಇದಕ್ಕೆ ಉತ್ತಮವಾದ ದೃಷ್ಟಾಂತವೆಂದರೆ ರೆಂಬ್ರಾಂಟನು ಬರೆದ ಸಾಸ್ಕಿಯಾಳ ಚಿತ್ರಗಳು. ರೆಂಬ್ರಾಂಟನು ಸಾಸ್ಕಿಯಾಳನ್ನು ವಿವಾಹವಾದದ್ದು 1634ರಲ್ಲಿ. ಅದೇ ವರುಷ ಅವಳನ್ನು ಫ್ಲೋರಾದೇವಿಯಾಗಿ ಬರೆದನು. ಆ ಚಿತ್ರವು ರಶಿಯಾದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ ಸಂಗ್ರಹಾಲಯದಲ್ಲಿದೆ. ತಲೆಯ ಮೇಲೆ ಹೂವಿನ ಭಾರವಾದ ಮುಡಿ, ಕೈಯಲ್ಲಿ ಹೂ ಸುತ್ತಿದ ಕೋಲು, ಮೈತುಂಬ ರೇಶಿಮೆ. ಆದರೆ ಮುಖವನ್ನು ನೋಡಿದರೆ ದೇವಿಯ ಗಾಂಭೀರ್ಯವಿಲ್ಲ. ಗಂಡನ ಹುಚ್ಚಾಟಕ್ಕೆ ಒಪ್ಪಿ ನಿಂತ ಹೊಸ ಮದುವಣಗಿತ್ತಿಯ ನಾಚಿಕೆಯಿದೆ. 1635ರ ಇನ್ನೊಂದು ಚಿತ್ರವು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

ಅನಂತರದ ವರುಷಗಳಲ್ಲಿ ಆ ಮನೆಯಲ್ಲಿ ಮೂರು ಮಕ್ಕಳು ಹುಟ್ಟಿ ಕೂಸಿದ್ದಾಗಲೇ ತೀರಿಕೊಂಡವು. 1641ರಲ್ಲಿ ನಾಲ್ಕನೆಯವನಾದ ಟೈಟಸನು ಹುಟ್ಟಿ ಬದುಕಿದನು. ಆ ವರುಷ ರೆಂಬ್ರಾಂಟನು ಬರೆದ ಸಾಸ್ಕಿಯಾಳ ಚಿತ್ರವು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿದೆ. ಅದರಲ್ಲಿ ಹೂವಿನ ಮುಡಿ ಇಲ್ಲ, ಕೋಲು ಇಲ್ಲ. ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ನೋಡುವವನ ಕಡೆಗೆ ಒಂದೇ ಒಂದು ಕೆಂಪು ಹೂವನ್ನು ನೀಡಿದ್ದಾಳೆ. ದೇವಿಯು ಕಡಿಮೆಯಾಗುತ್ತ ಮಡದಿಯು ಹೆಚ್ಚಾಗಿದ್ದಾಳೆ. ಮರುವರುಷ, 1642ರಲ್ಲಿ, ಮೂವತ್ತು ತುಂಬುವ ಮೊದಲೇ ಅವಳು ತೀರಿಕೊಂಡಳು. ಇಂದು ಆ ಚಿತ್ರಗಳ ಮುಂದೆ ನಿಂತವರು ಫ್ಲೋರಾದೇವಿಯನ್ನು ನೆನೆಯುವದಿಲ್ಲ; ಸಾಸ್ಕಿಯಾಳನ್ನು ನೆನೆಯುತ್ತಾರೆ. ರೂಪಕವು ಕೈಗೂಡಿತೆಂದರೆ ಹೀಗೆ.

ಹಾಲಂಡಿನ ಮಾತು ವಿಜಾಪುರದ ಸೀಮೆಯವರಿಗೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವು ನಾವು ವಿಜಾಪುರದ ಪೇಟೆಗೆ ಹೋಗುವ ದಾರಿಯಲ್ಲಿಯೇ ಇದೆ. ತಿಕೋಟಾ ದಾಟಿ ಮುಂದೆ ಹೋದರೆ ವಿಜಾಪುರಕ್ಕೆ ಮುಂಚೆ ತೊರವಿ ಸಿಗುತ್ತದೆ. ನರಹರಿ ಕವಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದೇ. ಇದರ ಹತ್ತಿರ ಎರಡನೆಯ ಇಬ್ರಾಹಿಮ ಆದಿಲಶಹನು 1599ರಲ್ಲಿ ನೌರಸಪುರವೆಂಬ ಹೊಸ ನಗರವನ್ನು ಕಟ್ಟಹತ್ತಿದನು. 1624ರಲ್ಲಿ ಮಲಿಕ ಅಂಬರನ ಸೈನ್ಯವು ಅದನ್ನು ಹಾಳುಗೆಡವಿತು; ಈಗ ಸಂಗೀತ ಮಹಲಿನ ಕಮಾನುಗಳೂ ಕೆಲವು ಗೋಡೆಗಳೂ ಉಳಿದಿವೆ. ಈ ಅರಸನ ಆಸ್ಥಾನಕ್ಕೆ ಸುಮಾರು 1610ರ ಹೊತ್ತಿಗೆ ಕಾರ್ನೆಲಿಸ್ ಹೇಡಾ ಎಂಬ ಡಚ್ಚ ಚಿತ್ರಕಾರನೊಬ್ಬನು ಬಂದು ಸೇರಿದನು. ಅವನು ಹಾರ್ಲೆಮ್ ಪಟ್ಟಣದವನು. ಪ್ರಾಗ ನಗರದಲ್ಲಿ ರುಡಾಲ್ಫ ಚಕ್ರವರ್ತಿಯ ಆಶ್ರಯದಲ್ಲಿದ್ದು, ಪರ್ಶಿಯಾ ದೇಶಕ್ಕೆಂದು ಹೊರಟು, ದಾರಿ ಬದಲಾಗಿ ಗೋವೆಯ ಮೇಲಿಂದ ನಮ್ಮ ಸೀಮೆಗೆ ಬಂದನು. ಅರಸನಿಗಾಗಿ ಅವನು ವೀನಸ ಮೊದಲಾದ ರೋಮನ ದೇವತೆಗಳ ಚಿತ್ರವನ್ನು ಬರೆದುಕೊಟ್ಟು ಮನ್ನಣೆ ಪಡೆದನೆಂದು ಅವನ ಪತ್ರದಿಂದ ತಿಳಿಯುತ್ತದೆ. ರೆಂಬ್ರಾಂಟನು ಇನ್ನೂ ಚಿಕ್ಕ ಬಾಲಕನಾಗಿದ್ದಾಗಲೇ ಡಚ್ಚರ ಕುಂಚದ ದೇವಿಯೊಬ್ಬಳು ವಿಜಾಪುರದ ಅರಮನೆಯನ್ನು ಹೊಕ್ಕಿದ್ದಳು!

ಆ ದೇವಿಯು ಬಂದದ್ದು ಬರಿಯ ಗೋಡೆಗಳ ಮನೆಗಲ್ಲ. ಇಬ್ರಾಹಿಮನು ಸಂಗೀತಪ್ರಿಯನು, ತನ್ನ ‘ಕಿತಾಬೆ ನೌರಸ’ದ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. ಅವನಿಗಾಗಿ ಫರ್ರುಖ ಹುಸೇನನೆಂಬ ಚಿತ್ರಕಾರನು ಸುಮಾರು 1604ರಲ್ಲಿ ಸಿಂಹಾಸನದ ಮೇಲೆ ಕುಳಿತ ಸರಸ್ವತಿಯ ಚಿತ್ರವನ್ನು ಬರೆದನು. ಗಣಪತಿಯು ತನಗೆ ತಂದೆ, ಸರಸ್ವತಿಯು ತಾಯಿ ಎಂದು ಅರಸನು ಹೇಳಿಕೊಳ್ಳುವ ಬರಹವು ಅದರ ಮೇಲಿದೆ. ಇದಕ್ಕೂ ಮೊದಲು, 1570ರಲ್ಲಿ, ಒಂದನೆಯ ಅಲಿ ಆದಿಲಶಹನ ಕಾಲದಲ್ಲಿ ಸಿದ್ಧವಾದ ‘ನುಜೂಮುಲ್ ಉಲೂಮ್’ ಎಂಬ ಹಸ್ತಪ್ರತಿಯಲ್ಲಿ ನಾನಾ ಶಕ್ತಿಗಳನ್ನು ಸ್ತ್ರೀರೂಪದಲ್ಲಿ ಬರೆದಿದೆ. ಅದು ಈಗ ಐರ್ಲಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದೇ ಗ್ರಂಥಾಲಯದಲ್ಲಿ ವಿಜಾಪುರದ ಕುಂಚದಿಂದ ಬಂದ ಯೋಗಿನಿಯ ಪ್ರಸಿದ್ಧ ಚಿತ್ರವೂ ಇದೆ. ಕೈಯಲ್ಲಿ ಗೊರವಂಕ ಹಕ್ಕಿ, ಮೈಮೇಲೆ ಮುತ್ತು ರತ್ನ, ಹಿಂದೆ ದೂರದಲ್ಲಿ ಅರಮನೆ. ಇಷ್ಟು ಸೊಬಗಿನಿಂದ ನಿಂತ ಆ ಹೆಣ್ಣು ಯಾರು? ಅವಳ ಹೆಸರು ಉಳಿದಿಲ್ಲ. ಹೇಡಾನು ಬರೆದದ್ದೆಂದು ಖಚಿತವಾಗಿ ಹೇಳಬಹುದಾದ ಚಿತ್ರವೂ ಇಂದು ಒಂದೂ ಉಳಿದಿಲ್ಲ. ದೇವಿಗೆ ಹೆಸರನ್ನು ಕಾಯ್ದುಕೊಡುವ ಪುರಾಣವಿದೆ. ಹೆಣ್ಣಿಗೆ ಅದನ್ನು ಕಾಯ್ದುಕೊಡುವವರು ಮನೆಯವರು ಮಾತ್ರ.

ಇಲ್ಲಿಗೆ ನಿಲ್ಲಿಸಿದರೆ ರೆಂಬ್ರಾಂಟನನ್ನು ಆದರ್ಶ ಗೃಹಸ್ಥನೆಂದು ಹೊಗಳಿದಂತಾಗುವದು. ಆದುದರಿಂದ ಕತೆಯ ಇನ್ನೊಂದು ಭಾಗವನ್ನೂ ಹೇಳಲೇಬೇಕು. ತಾಯಿಯಿಲ್ಲದ ಟೈಟಸನನ್ನು ಸಾಕಲು ಗೇರ್ತ್ಯೆ ದಿರ್ಕ್ಸ ಎಂಬ ವಿಧವೆಯು ಆ ಮನೆಗೆ ಬಂದಳು. ಕೂಸನ್ನು ಸಾಕಿದಳು, ಮನೆಯನ್ನು ನಡೆಸಿದಳು, ಯಜಮಾನನ ಸಂಗಾತಿಯೂ ಆದಳು. ಮನಸ್ಸು ಮುರಿದ ಮೇಲೆ, ಮದುವೆಯ ವಚನ ಕೊಟ್ಟು ಮುರಿದನೆಂದು 1649ರಲ್ಲಿ ಅವಳು ದೂರು ಕೊಟ್ಟಳು. ವರುಷಕ್ಕೆ 200 ಗಿಲ್ಡರ ಕೊಡಬೇಕೆಂದು ತೀರ್ಪಾಯಿತು. ಸಾಸ್ಕಿಯಾಳ ಆಭರಣಗಳನ್ನು ಅವಳು ಒತ್ತೆ ಇಟ್ಟಳೆಂಬ ಜಗಳವೂ ಅದರಲ್ಲಿ ಸೇರಿತ್ತು. ಮರುವರುಷವೇ, ರೆಂಬ್ರಾಂಟನ ಕೈವಾಡವೂ ಕೂಡಿ, ಅವಳನ್ನು ಗೌಡಾ ಎಂಬ ಊರಿನ ಸ್ತ್ರೀಯರ ಬಂದೀಖಾನೆಗೆ ಸೇರಿಸಲಾಯಿತು. 1655ರಲ್ಲಿ ಅವಳು ಹೊರಗೆ ಬಂದಳು. ಮಡದಿಯನ್ನು ವಸಂತದೇವಿಯಾಗಿ ಬರೆದ ಕೈಯೇ, ಮಗನನ್ನು ಸಾಕಿದ ಹೆಣ್ಣನ್ನು ಐದು ವರುಷ ಕದ ಹಾಕಿದ ಮನೆಗೆ ನೂಕಿತು!

ಇದನ್ನು ಹೇಳುವದು ದೊಡ್ಡ ಚಿತ್ರಕಾರನನ್ನು ನಿಂದಿಸುವದಕ್ಕಲ್ಲ. ಹೆಣ್ಣನ್ನು ಚಿತ್ರದಲ್ಲಿ ದೇವಿಯನ್ನಾಗಿ ಮಾಡುವದು ಸುಲಭ. ಅವಳಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವದು ಕಠಿಣ. ಮೊದಲನೆಯದು ಎರಡನೆಯದರ ಸಾಲವನ್ನು ತೀರಿಸುವದಿಲ್ಲ. ನಾವೂ ಶಾಲೆಯಲ್ಲಿದ್ದ ಕಾಲದಲ್ಲಿ ‘ಗೃಹಲಕ್ಷ್ಮಿ’ ಎಂಬ ವಿಷಯದ ಮೇಲೆ ಎಷ್ಟೋ ನಿಬಂಧಗಳನ್ನು ಮಕ್ಕಳಿಂದ ಬರೆಯಿಸಿದ್ದೇವೆ. ತಾಯಿಯು ಕ್ಷಮೆಯಲ್ಲಿ ಭೂಮಿ, ದಯೆಯಲ್ಲಿ ಗಂಗೆ ಎಂದು ಬರೆದ ಹುಡುಗರಿಗೆ ಹೆಚ್ಚು ಅಂಕಗಳನ್ನು ಕೊಟ್ಟಿದ್ದೇವೆ. ‘ನಿನ್ನ ತಾಯಿಯ ತವರೂರು ಯಾವದು? ಅವಳು ಎಷ್ಟು ಹೊತ್ತಿಗೆ ಏಳುತ್ತಾಳೆ? ಅವಳಿಗೆ ಯಾವ ಪಲ್ಯ ಇಷ್ಟ?’ ಎಂದು ಒಮ್ಮೆಯೂ ಕೇಳಲಿಲ್ಲ. ಭೂಮಿಯೆಂದು ಕರೆಯಿಸಿಕೊಂಡವಳಿಗೆ ಬೆನ್ನುನೋವು ಬರುವದನ್ನು ಮನೆಯವರು ಮರೆತರೆ ಅದರಲ್ಲಿ ನಮ್ಮ ಪಾಲೂ ಸ್ವಲ್ಪ ಇದೆ.

ಈ ವಿಷಯದಲ್ಲಿ ವರ್ಮೇರನೆಂಬ ಇನ್ನೊಬ್ಬ ಡಚ್ಚ ಚಿತ್ರಕಾರನು ನಮಗೆ ಒಳ್ಳೆಯ ಪಾಠ ಹೇಳುತ್ತಾನೆ. ವಿಯೆನ್ನಾ ನಗರದಲ್ಲಿರುವ ‘ಚಿತ್ರಕಲೆ’ ಎಂಬ ಅವನ ಚಿತ್ರದಲ್ಲಿ ಒಬ್ಬ ಹುಡುಗಿಯು ತಲೆಗೆ ಎಲೆಗಳ ಮಾಲೆ ಧರಿಸಿ, ಕೈಯಲ್ಲಿ ಕಹಳೆಯನ್ನೂ ದೊಡ್ಡ ಗ್ರಂಥವನ್ನೂ ಹಿಡಿದು ನಿಂತಿದ್ದಾಳೆ. ರೀಪಾನ ಗ್ರಂಥದ ಪ್ರಕಾರ ಇವಳು ಇತಿಹಾಸದ ದೇವತೆಯಾದ ಕ್ಲಿಯೋ. ಆದರೆ ವರ್ಮೇರನು ಅವಳ ಎದುರಿಗೆ ಬೆನ್ನು ಮಾಡಿ ಕುಳಿತ ಚಿತ್ರಕಾರನನ್ನೂ ಬರೆದಿದ್ದಾನೆ. ಮುಂದುಗಡೆ ಸರಿಸಿದ ಪರದೆಯಿದೆ, ಗೋಡೆಗೆ ದೇಶದ ನಕಾಶೆಯಿದೆ, ಕಿಟಕಿಯ ಬೆಳಕಿದೆ. ಕಣ್ಣು ಕೆಳಗೆ ಮಾಡಿ ನಿಂತ ಹುಡುಗಿಯನ್ನು ನೋಡಿದರೆ, ಇವಳು ದೇವತೆಯಾಗಿ ನಿಂತಿರುವದು ಈ ಗಳಿಗೆಗೆ ಮಾತ್ರ, ಮಾಲೆಯನ್ನು ತೆಗೆದಿಟ್ಟು ಮನೆಗೆ ಹೋಗುವವಳು ಎಂದು ತಿಳಿಯುತ್ತದೆ. ವೇಷವನ್ನು ವೇಷವೆಂದು ತೋರಿಸುವ ಈ ಪ್ರಾಮಾಣಿಕತೆಯಿಂದ ದೇವತೆಯ ಮಹಿಮೆಗೆ ಕುಂದು ಬಂದಿಲ್ಲ. ಹುಡುಗಿಯ ಮಾನವೂ ಉಳಿದಿದೆ.

ಆದುದರಿಂದ ದೇವಿಯ ವೇಷವೇ ಬೇಡವೆಂದು ನಾವು ಹೇಳುವದಿಲ್ಲ. ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ರವಿವರ್ಮರ ಅಚ್ಚುಕೂಟದಿಂದ ಲಕ್ಷ್ಮೀ ಸರಸ್ವತಿಯರ ಪಟಗಳು ಬಡವರ ಮನೆಗೂ ಬಂದ ಮೇಲೆ, ಮಗನಿಗೆ ತನ್ನ ತಾಯಿಯನ್ನು ಆ ರೂಪದಲ್ಲಿ ಕಾಣಬೇಕೆನಿಸುವದು ಸಹಜ. ಅದರಲ್ಲಿ ಪ್ರೀತಿಯಿದೆ, ಬಹುಶಃ ಬದುಕಿದ್ದಾಗ ಮಾಡಲಾಗದೆ ಹೋದದ್ದರ ಪಶ್ಚಾತ್ತಾಪವೂ ಇದೆ. ನಾವು ಬೇಡುವದಿಷ್ಟೆ: ರೂಪಕವಿರಲಿ, ನಿಗರಣ ಬೇಡ. ಕಿರೀಟವನ್ನಿಡಿರಿ, ಆದರೆ ಅದರ ಕೆಳಗಿನ ಹಚ್ಚೆಯನ್ನು ಅಳಿಸಬೇಡಿರಿ. ಯಂತ್ರವು ಮುಖವನ್ನು ತಿದ್ದುವ ಮೊದಲು ಮೂಲದ ಭಾವಚಿತ್ರವನ್ನು ಬೇರೆಯಾಗಿ ಕಾಯ್ದಿಡಿರಿ. ಪ್ರತಿಯೊಂದು ಪಟದ ಹಿಂಬದಿಗೆ ಅವರ ಹೆಸರು, ತವರುಮನೆಯ ಹೆಸರು, ಹುಟ್ಟಿದ ಊರು, ತೀರಿಕೊಂಡ ವರುಷ ಇಷ್ಟನ್ನು ಬರೆದಿಡಿರಿ. ಎಲ್ಲಕ್ಕೂ ಮಿಗಿಲಾಗಿ, ಮನೆಯ ಹಿರಿಯ ಹೆಂಗಸರು ಇನ್ನೂ ಇರುವಾಗಲೇ, ಅವರು ನಿತ್ಯದ ಸೀರೆಯಲ್ಲಿ ರೊಟ್ಟಿ ಬಡಿಯುತ್ತಲೋ ಕಾಳು ಹಸನು ಮಾಡುತ್ತಲೋ ಕುಳಿತ ಒಂದು ಚಿತ್ರವನ್ನು ತೆಗೆದಿಡಿರಿ. ಈಗ ಎಲ್ಲರ ಕಿಸೆಯಲ್ಲಿಯೂ ಅದರ ಸಾಧನವಿದೆ.

ಪಟ ತಂದ ನೆರೆಯವರಿಗೆ ಮರುದಿನ ನಾವೇ ಹೋಗಿ ಈ ಮಾತನ್ನು ಹೇಳಿದೆವು. ಹಿಂದಿನ ದಿನ ಹೇಳಿದ ‘ಚಲೋ ಆಗಿದೆ’ ಎಂಬ ಮಾತನ್ನು ಹಿಂದೆಗೆದುಕೊಂಡೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಚ್ಚಿ ಇದ್ರ ಲಕ್ಷ್ಮೀ ಹಂಗ ಕಾಣಂಗಿಲ್ಲಂತ ಅಂಗಡಿಯಾಂವ ಅಂದಾರಿ” ಎಂದರು. ಬಳಿಕ ತಾವಾಗಿಯೇ, “ಆದ್ರ ಹಚ್ಚಿ ಇಲ್ದ ಅವ್ವನ ಹಂಗೂ ಕಾಣವಲ್ಲದ್ರಿ” ಎಂದರು. ತಾಯಿಯ ತವರುಮನೆಯ ಹೆಸರೇನೆಂದು ನಾವು ಕೇಳಿದಾಗ ಅವರಿಗೆ ಗೊತ್ತಿರಲಿಲ್ಲ. ಮದುವೆಯಲ್ಲಿ ಹೆಸರು ಬದಲಾಗಿತ್ತು. ಆ ಮೇಲೆ ಯಾರೂ ಹಳೆಯದನ್ನು ಹೇಳಿರಲಿಲ್ಲ. ಬಬಲೇಶ್ವರದ ಕಡೆಯ ಹಳ್ಳಿಯೊಂದರಲ್ಲಿ ಬದುಕಿರುವ ಅವರ ಚಿಕ್ಕವ್ವನನ್ನು ಕೇಳಿಕೊಂಡು ಬರಲು ಅದೇ ವಾರ ಹೋದರು.

ವರುಷದ ದಿನ ನಾವು ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಪಟವು ಗೋಡೆಯ ಮೇಲಿತ್ತು. ಕಿರೀಟವೂ ಕಮಲವೂ ಇದ್ದಂತೆಯೇ ಇದ್ದವು. ಹುಬ್ಬುಗಳ ನಡುವೆಯೂ ಗದ್ದದ ಮೇಲೆಯೂ ಹಸಿರು ಹಚ್ಚೆ ಮರಳಿ ಬಂದಿತ್ತು. ಗೆನ್ನೆಯ ಗಾಯದ ಗುರುತೂ ಬಂದಿತ್ತು. ಕೆಳಗೆ ಎರಡು ಹೆಸರುಗಳನ್ನು ಬರೆಯಿಸಿದ್ದರು. ಗಂಡನ ಮನೆಯದೊಂದು, ತವರುಮನೆಯದೊಂದು. ಮೊಮ್ಮಗಳು ಎರಡನೆಯದನ್ನು ಅಕ್ಷರ ಕೂಡಿಸಿ ಓದಿ, “ಇದು ಯಾರ ಹೆಸರು?” ಎಂದು ಕೇಳಿದಳು. ಆಯಿಯು ಸಣ್ಣವಳಿದ್ದಾಗಿನ ಹೆಸರೆಂದು ಅವರ ತಂದೆಯವರು ಹೇಳಿದರು. ಆಯಿಯೂ ಒಮ್ಮೆ ಸಣ್ಣವಳಿದ್ದಳೆಂಬ ಸಂಗತಿಯು ಆ ಮಗುವಿಗೆ ಅಂದೇ ತಿಳಿಯಿತು.